ಐದನೇ ನಂಬರ್ ಬಾಟಲಿ

ಒಂದೇ ಒಂದು ಸುಳ್ಳು ಹೇಳದೆ ದೊಡ್ಡ ಮನುಷ್ಯನಾಗುವ ದಾರಿಯೊಂದಿದೆ. ಜನ ತಪ್ಪು ತಿಳಿದುಕೊಂಡಾಗ ತಿದ್ದದೆ ಸುಮ್ಮನಿದ್ದರಾಯಿತು. ಕೆರೆಯಂಚಿನ ಬಡಾವಣೆಯ ಎಂಬತ್ನಾಲ್ಕು ಮನೆಗಳಲ್ಲಿ ಈ ದಾರಿ ಹಿಡಿದು ಮೇಲೆ ಬಂದವನು ನಮ್ಮ ಸೈಂಟಿಸ್ಟ್. ಅವನು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅಟೆಂಡರ್. ಪ್ರತಿ ಸೋಮವಾರ ಕೆರೆಯ ಐದು ಕಡೆ, ನಂಬರ್ ಅಂಟಿಸಿದ ಐದು ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡು ಹೋಗಿ ಮೇಡಂ ಮೇಜಿನ ಮೇಲಿಡಬೇಕು. ಪರೀಕ್ಷೆ ಮುಗಿದ ಮೇಲೆ ಬಾಟಲಿ ತೊಳೆದು ಬೋರಲು ಹಾಕಬೇಕು. ಇಷ್ಟೇ ಕೆಲಸ. ಆದರೆ ಬಿಳಿ ಕೋಟು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಾಟಲಿಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವವನನ್ನು ಜನ ಇನ್ನೇನೆಂದು ಕರೆಯಬೇಕು? ಬಡಾವಣೆ ಸಂಘದ ಅಧ್ಯಕ್ಷರು ಒಂದು ಬೆಳಿಗ್ಗೆ "ಏನು ಸೈಂಟಿಸ್ಟ್ ಸಾಹೇಬ್ರೇ, ನೀರು ಹೇಗಿದೆ?" ಎಂದು ಕೇಳಿದರು. ಅವನು ಅಲ್ಲವೆನ್ನಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ನೋಡ್ಬೇಕು ಸಾರ್" ಎಂದ. ಅಲ್ಲಿಗೆ ಅವನ ನಾಮಕರಣ ಮುಗಿಯಿತು.

ಈ ಬಿರುದಿಗೆ ಮಣಿಯದವರು ಒಬ್ಬರೇ. ಅವರು ಅವನ ಹೆಂಡತಿಯ ಅಣ್ಣ. ಸಂಬಂಧದಲ್ಲಿ ಭಾವ, ಕಸುಬಿನಲ್ಲಿ ಲಾಂಡ್ರಿಯವರು. ಕೆರೆಯ ಆಚೆ ದಡದಲ್ಲಿ ಅವರ ಅಂಗಡಿ. ಎರಡು ದೊಡ್ಡ ಮೆಷಿನ್ನು, ನಾಲ್ಕು ಇಸ್ತ್ರಿ ಮೇಜು, ಒಗೆದ ನೀರು ನಿಂತು ತಿಳಿಯಾಗಲಿ ಎಂದು ಹಿಂದುಗಡೆ ಕಟ್ಟಿಸಿದ ಸಿಮೆಂಟು ತೊಟ್ಟಿ. ನೀರಿಗೆ ಕೆಡುಕಾಗದ ಸೋಪನ್ನೇ ಹುಡುಕಿ ತರಿಸುತ್ತಿದ್ದರು, ಅದನ್ನು ಬಂದವರಿಗೆಲ್ಲ ಹೇಳುತ್ತಲೂ ಇದ್ದರು. ಅವರ ತೊಟ್ಟಿಯ ನೀರು ಕೆರೆ ಸೇರುವ ಜಾಗವೇ ಐದನೇ ಪಾಯಿಂಟು. ಹಾಗಾಗಿ ಪ್ರತಿ ಸೋಮವಾರ ಸೈಂಟಿಸ್ಟು ಭಾವನ ಕಣ್ಣಮುಂದೆಯೇ ಬಗ್ಗಿ ನೀರು ತುಂಬಿಕೊಳ್ಳಬೇಕಾಗಿತ್ತು.

ಒಂದು ಸೋಮವಾರ ಗಿರಾಕಿಗಳು ಮೂರ್ನಾಲ್ಕು ಜನ ನಿಂತಿದ್ದಾಗ ಭಾವ ಅವನ ಕೈಯಿಂದ ಬಾಟಲಿ ತೆಗೆದುಕೊಂಡು ತಿರುಗಿಸಿ ನೋಡಿದರು. ಪ್ರಯೋಗಾಲಯದ ಬಾಟಲಿ ಎಂದರೆ ಗೊತ್ತಲ್ಲ, ವರ್ಷಗಟ್ಟಲೆ ಆ್ಯಸಿಡ್ಡಿನಲ್ಲಿ ಅದ್ದಿ ತೆಗೆದು ಗಾಜು ಮಬ್ಬಾಗಿತ್ತು.

"ಏನಪ್ಪಾ ಇದು? ಕೆರೆ ಕೊಳೆ ಆಗಿದೆಯಾ ಅಂತ ನೋಡೋಕೆ ಕೊಳೆ ಬಾಟ್ಲಿ ತಂದಿದ್ದೀಯಲ್ಲ! ಇಲ್ಲಿ ಬಿಟ್ಟು ಹೋಗು, ಎರಡು ಅಂಗಿ ಜೊತೆ ಮೆಷಿನ್ನಿಗೆ ಹಾಕಿ ತೆಗೆದುಕೊಡ್ತೀನಿ."

ಗಿರಾಕಿಗಳು ನಕ್ಕರು. ಸೈಂಟಿಸ್ಟು ನಗಲಿಲ್ಲ. ಹೊಡೆದರೂ ತಡೆದುಕೊಳ್ಳುತ್ತಿದ್ದ, ಬಾಟಲಿಯ ಮಾತು ಎದೆಗೆ ನಾಟಿತು. ಅವತ್ತು ಸಂಜೆಯೇ ಐದೂ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ಬಡಾವಣೆಯ ಎಲ್ಲರ ಮನೆಯಲ್ಲೂ ಇರುವ ನಿಂಬೆ ವಾಸನೆಯ ಸೋಪಿನ ಪುಡಿಯೇ ಅವನ ಮನೆಯಲ್ಲೂ ಇತ್ತು. ಬ್ರಷ್ ಹಾಕಿ ಉಜ್ಜಿದ. ಐದನೇ ನಂಬರ್ ಬಾಟಲಿಯನ್ನು ಮಾತ್ರ ಮೂರು ಚಮಚ ಪುಡಿ ಕಲಸಿದ ನೀರಿನಲ್ಲಿ ಒಂದು ಹಗಲೆಲ್ಲ ನೆನೆಹಾಕಿದ, ಯಾಕೆಂದರೆ ಅದು ಭಾವನ ಮುಂದೆ ಹಿಡಿಯುವ ಬಾಟಲಿ. ಹೊಳಪು ಹೋದೀತೆಂದು ಕೊನೆಗೆ ಹೆಚ್ಚು ನೀರು ಹಾಕಿ ಜಾಲಿಸಲೂ ಇಲ್ಲ. ಮುಂದಿನ ಸೋಮವಾರ ಅದು ವಜ್ರದ ಹಾಗೆ ಮಿನುಗಿತು. ಭಾವ ಮೂಸಿ ನೋಡಿ, "ಪರವಾಗಿಲ್ಲ, ಮನುಷ್ಯನಾದೆ" ಎಂದರು. ಅಂದಿನಿಂದ ಪ್ರತಿ ವಾರವೂ ಇದೇ ನೇಮ ನಡೆಯಿತು.

ಹಳೆಯ ಸಾಹೇಬರಿದ್ದಾಗ ಇದರಿಂದ ಏನೂ ಆಗುತ್ತಿರಲಿಲ್ಲ. ಅವರು ನೀರಿನ ಬಣ್ಣ ನೋಡಿ, ವಾಸನೆ ನೋಡಿ, "ಪರವಾಗಿಲ್ಲ" ಎಂದು ಬರೆದು ಊಟಕ್ಕೆ ಹೋಗುವವರು. ಆದರೆ ಈಗ ಹೊಸ ಮೇಡಂ ಬಂದಿದ್ದರು. ಅವರು ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ಹುಡುಕುವವರು. ನೀರಿಗೆ ಔಷಧಿಯ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷ ಕಾದರೆ ಫಾಸ್ಫೇಟ್ ಇದ್ದಷ್ಟೂ ನೀಲಿ ಬಣ್ಣ ಏರುತ್ತದೆ. "ಗಿಡಕ್ಕೆ ಗೊಬ್ಬರ ಹೇಗೋ ಪಾಚಿಗೆ ಇದು ಹಾಗೆ" ಎಂದು ಅವರು ಅವನಿಗೂ ತಿಳಿಸಿ ಹೇಳಿದ್ದರು. "ಪಾಚಿ ಕೊಬ್ಬುತ್ತೆ, ಸಾಯುತ್ತೆ, ಕೊಳೆಯುತ್ತೆ. ಕೊಳೆಯುವಾಗ ನೀರಲ್ಲಿರೋ ಉಸಿರನ್ನೆಲ್ಲ ಅದೇ ಮುಗಿಸಿಬಿಡುತ್ತೆ. ಆಮೇಲೆ ಮೀನು ಏನು ಉಸಿರಾಡಬೇಕು?" ಅವನು ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿದ್ದ. ಕೇಳುತ್ತ ಕೇಳುತ್ತ ಇದನ್ನು ಅಧ್ಯಕ್ಷರ ಮುಂದೆ ಹೇಗೆ ಹೇಳಬಹುದೆಂದು ಯೋಚಿಸುತ್ತಿದ್ದ. ಬಾಟಲಿ ತೊಳೆಯುವ ನಿಯಮಗಳನ್ನು ಮೇಡಂ ಒಂದು ಹಾಳೆಯಲ್ಲಿ ಬರೆದು ತೊಳೆಯುವ ತೊಟ್ಟಿಯ ಮೇಲೆ ಅಂಟಿಸಿದರು. ಅವನು ಅದನ್ನು ಓದಲಿಲ್ಲ, ಏಕೆಂದರೆ ಅವನು ತೊಳೆಯುತ್ತಿದ್ದುದು ಮನೆಯಲ್ಲಿ.

ಐದು ಬಾಟಲಿಗಳಲ್ಲೂ ಬಣ್ಣ ಏರಿತು. ಐದನೆಯದರಲ್ಲಿ ಮಾತ್ರ ಶಾಯಿ ಕಲಸಿದಂತೆ ಏರಿತು. ಮೇಡಂ ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದರು, ಇನ್ನೂ ಎರಡು ವಾರ ನೋಡೋಣ ಎಂದು ವರದಿಯ ಕೆಳಗೆ ಬರೆದರು. ವರದಿಯ ಕೆಳಗೆ ಬರೆದದ್ದನ್ನು ಯಾರು ಓದುತ್ತಾರೆ!

ಇಷ್ಟರಲ್ಲಿ ಕೆರೆ ನಿಜವಾಗಿಯೇ ಕೆಟ್ಟಿತ್ತು. ಮೊದಲು ಅಂಚಿನಲ್ಲಿ ಹಸಿರು ಕೆನೆ ಕಟ್ಟಿತು. ಆಮೇಲೆ ಕೆರೆಗೆ ಕೆರೆಯೇ ಹಸಿರು ಬಣ್ಣ ಬಳಿದ ಗೋಡೆಯಂತೆ ಗಟ್ಟಿಯಾಯಿತು. ಒಂದು ಬೆಳಿಗ್ಗೆ ಜನ ವಾಕಿಂಗಿಗೆ ಬಂದಾಗ ದಡದುದ್ದಕ್ಕೂ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಕೈಯುದ್ದದವು, ಬೆರಳುದ್ದದವು, ಸಾವಿರಾರು. ಇನ್ನೂ ಸಾಯದ ಕೆಲವು ನೀರಿನ ಮೇಲಕ್ಕೆ ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ನುಂಗಲು ನೋಡುತ್ತಿದ್ದವು. ಅದನ್ನು ನೋಡಿ ಸೈಂಟಿಸ್ಟಿಗೆ ತಡೆಯಲಾರದ ಸಂಕಟವಾಯಿತು. ಅವನು ಹನ್ನೆರಡು ವರ್ಷದಿಂದ ಅದೇ ನೀರಿಗೆ ಕೈ ಅದ್ದಿದವನು.

ಬಡಾವಣೆಯವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ಸೇರಿದರು. ಅಧ್ಯಕ್ಷರು ಗುಂಪಿನ ನಡುವಿನಿಂದ ಕೂಗಿದರು. "ಸೈಂಟಿಸ್ಟ್ ಸಾಹೇಬ್ರೇ, ನೀವೇ ಹೇಳಿ! ಇದು ಯಾರ ಕೆಲಸ?"

ಎಂಬತ್ನಾಲ್ಕು ಮನೆಯ ಕಣ್ಣು ಒಬ್ಬನ ಮೇಲೆ ನೆಟ್ಟಾಗ ಗೊತ್ತಿಲ್ಲ ಎನ್ನುವುದಕ್ಕೆ ಬಹಳ ದೊಡ್ಡ ಎದೆ ಬೇಕು. ಅವನು ಕನ್ನಡಕ ಇಳಿಸಿದ. "ಫಾಸ್ಫೇಟ್ ಸಾರ್. ಐದನೇ ಪಾಯಿಂಟಲ್ಲಿ ವಿಪರೀತ ಇದೆ" ಎಂದ. ಗುಂಪಿನಲ್ಲಿ 'ಫಾಸ್ಫೇಟ್, ಫಾಸ್ಫೇಟ್' ಎಂದು ಗುಜುಗುಜು ಹಬ್ಬಿತು. ಐದನೇ ಪಾಯಿಂಟು ಎಲ್ಲಿದೆ ಎಂದು ಯಾರೋ ಕೇಳಿದರು. ಅವನು ಕೈಯೆತ್ತಿ ಆಚೆ ದಡ ತೋರಿಸಿದ. ಕೈ ಪೂರ್ತಿ ಮೇಲೆ ಹೋದ ಮೇಲೆ ಅವನಿಗೆ ಅಲ್ಲಿ ಯಾರ ಅಂಗಡಿ ಇದೆಯೆಂಬುದು ಹೊಳೆಯಿತು. ಇಳಿಸಲು ನೋಡಿದ. ಅಷ್ಟರಲ್ಲಿ ಎಲ್ಲರೂ ಆ ಕಡೆಗೆ ತಿರುಗಿಯಾಗಿತ್ತು.

ಮರುದಿನವೇ ನೈರ್ಮಲ್ಯ ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಸೀಲು ಹಾಕುವುದೆಂದರೆ ಅವರಿಗೆ ಪ್ರಾಣ. ಬಾಗಿಲಿಗೆ ಬೀಗ ಜಡಿದು ಅರಗು ಒತ್ತಿದರು, ಕಿಟಕಿಗೆ ಒತ್ತಿದರು, ಹಿಂದಿನ ತೊಟ್ಟಿಯ ಮುಚ್ಚಳಕ್ಕೂ ಒತ್ತಿದರು. ಅರಗು ಇನ್ನೂ ಮಿಕ್ಕಿತ್ತೆಂದು ಅಂಗಡಿಯ ಬೋರ್ಡಿಗೂ ಒಂದು ಒತ್ತಿದರು. ಭಾವ ಇನ್ನೂ ಬಿಸಿಯಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ನಿಂತಿದ್ದರು.

"ಸಾರ್, ಒಳಗೆ ಜನರ ಬಟ್ಟೆ ಇದೆ" ಎಂದರು.

"ಇರಲಿ ಬಿಡ್ರೀ, ಸೀಲಾದ ಮೇಲೆ ಸೂಜಿಯೂ ಆಚೆ ಬರೋ ಹಾಗಿಲ್ಲ."

ಹೀಗೆ ಬಡಾವಣೆಯ ಅರ್ಧದಷ್ಟು ಬಟ್ಟೆ ಜೈಲು ಸೇರಿತು. ಅಧ್ಯಕ್ಷರ ಏಕೈಕ ಸೂಟಿನ ಪ್ಯಾಂಟು ಒಳಗೆ, ಕೋಟು ಮನೆಯಲ್ಲಿ. ಹೊದಿಕೆಯಿಲ್ಲದೆ ಮಲಗಿದವರು, ಮಗನ ಅಂಗಿ ತೊಟ್ಟು ಆಫೀಸಿಗೆ ಹೋದವರು ಎಲ್ಲರೂ ಇದನ್ನು ಕೆರೆಗಾಗಿ ಮಾಡಿದ ತ್ಯಾಗವೆಂದು ಹೇಳಿಕೊಂಡು ತಿರುಗಿದರು. ಭಾವ ಮಾತ್ರ ದಿನಾ ಬೆಳಿಗ್ಗೆ ಬಂದು, ಮುಚ್ಚಿದ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಸಂಜೆಯವರೆಗೆ ಕೂತಿರುತ್ತಿದ್ದರು. ಇಪ್ಪತ್ತೆರಡು ವರ್ಷ ಆ ಬಾಗಿಲು ತೆರೆದ ಮನುಷ್ಯನಿಗೆ ಹಗಲು ಹೊತ್ತು ಬೇರೆಲ್ಲಿರಬೇಕೆಂದು ಗೊತ್ತಿರಲಿಲ್ಲ.

ಸೈಂಟಿಸ್ಟಿನ ಮನೆಯಲ್ಲಿ ಮಾತು ನಿಂತಿತು. ಹೆಂಡತಿ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. "ಊಟ ಮೇಜಿನ ಮೇಲಿದೆಯಂತೆ" ಎಂದು ಕ್ಯಾಲೆಂಡರಿಗೆ ತಿಳಿಸುತ್ತಿದ್ದಳು. "ಸ್ವಂತ ಭಾವನ ಹೊಟ್ಟೆ ಮೇಲೆ ಹೊಡೆದೋರಿಗೆ ಗಂಟಲಲ್ಲಿ ಇಳಿಯುತ್ತೇನೋ!" ಎಂದು ಸೌಟಿನ ಹತ್ತಿರ ಕೇಳುತ್ತಿದ್ದಳು. ಅವನಿಗೆ ಇಳಿಯುತ್ತಿರಲಿಲ್ಲ. ಆದರೂ ವಿಜ್ಞಾನಕ್ಕೆ ನೆಂಟರಿಷ್ಟರೆಂಬ ಭೇದವಿಲ್ಲ ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದ್ದರು. ಅದನ್ನು ನೆನೆದು ನೆನೆದು ನಾಲ್ಕು ದಿನ ತಳ್ಳಿದ.

ಐದನೆಯ ದಿನ ಮನೆಯಲ್ಲಿ ಬಾಟಲಿ ತೊಳೆಯಲು ಮುಖವಿಲ್ಲದೆ ಪ್ರಯೋಗಾಲಯದ ತೊಟ್ಟಿಯ ಮುಂದೆಯೇ ನಿಂತ. ಎದುರಿಗೆ ಮೇಡಂ ಅಂಟಿಸಿದ ಹಾಳೆ. ಬೇರೆ ನೋಡುವುದಕ್ಕೇನೂ ಇಲ್ಲದ್ದರಿಂದ ಓದಿದ. ನಾಲ್ಕನೆಯ ನಿಯಮ ಹೀಗಿತ್ತು: 'ಬಾಟಲಿಗೆ ಸೋಪಾಗಲಿ ಸೋಪಿನ ಪುಡಿಯಾಗಲಿ ತಾಗಿಸಕೂಡದು. ಅದರಲ್ಲೇ ಫಾಸ್ಫೇಟ್ ಇರುತ್ತದೆ.' ಅವನು ಅದನ್ನು ಮೂರು ಸಲ ಓದಿದ. ಮೂರನೆಯ ಸಲಕ್ಕೆ ಪಕ್ಕದ ಮೊಗಚಿದ ಬಕೆಟ್ಟಿನ ಮೇಲೆ ಕೂತ. ಐದನೇ ನಂಬರ್ ಬಾಟಲಿ ಇಷ್ಟು ವಾರ ತೋರಿಸಿದ್ದು ಭಾವನ ಲಾಂಡ್ರಿಯ ನೀರನ್ನಲ್ಲ, ತನ್ನ ಬಚ್ಚಲ ಮನೆಯ ಪುಡಿಯನ್ನು.

ಗಟ್ಟಿ ಮನುಷ್ಯನಾಗಿದ್ದರೆ ಆ ಕ್ಷಣವೇ ಎದ್ದು ಮೇಡಂ ಬಳಿಗೆ ಹೋಗುತ್ತಿದ್ದ. ನಮ್ಮವನು ಹಾಗಲ್ಲ, ಯಾರಿಗೂ ನೋವಾಗದ ಹಾಗೆ, ತನಗಂತೂ ಆಗಲೇಬಾರದ ಹಾಗೆ ಒಂದು ಉಪಾಯ ಮಾಡಿದ. ಐದೂ ಬಾಟಲಿಗಳನ್ನು ನಿಯಮದ ಪ್ರಕಾರ ಆ್ಯಸಿಡ್ಡಿನಲ್ಲಿ ಅದ್ದಿ, ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ಜಾಲಿಸಿದ. ಸೋಮವಾರ ಅವುಗಳಲ್ಲೇ ನೀರು ತಂದ. ಬಣ್ಣ ಇಳಿದರೆ ಅಂಗಡಿಯ ಸೀಲು ತಾನಾಗಿಯೇ ಒಡೆಯುತ್ತದೆ, ತಾನು ಬಾಯಿ ಬಿಡುವ ಪ್ರಮೇಯವೇ ಇಲ್ಲ ಎಂದು ಅವನ ಲೆಕ್ಕಾಚಾರ.

ಬಣ್ಣವೇನೋ ಇಳಿಯಿತು. ಐದನೇ ಬಾಟಲಿ ಹೆಚ್ಚುಕಡಿಮೆ ತಿಳಿನೀರು. ವರದಿ ಕೈಗೆ ಸಿಕ್ಕ ಕೂಡಲೇ ಅಧ್ಯಕ್ಷರು ಬಡಾವಣೆಯ ಗೇಟಿನಲ್ಲೇ ಸಿಹಿ ಹಂಚಿದರು. "ನೋಡಿದ್ರಾ! ಲಾಂಡ್ರಿ ಮುಚ್ಚಿ ಒಂದು ವಾರ ಆಗಿಲ್ಲ, ನೀರು ತಿಳಿ ಆಯ್ತು! ಇದಕ್ಕಿಂತ ಸಾಕ್ಷಿ ಬೇಕಾ?" ತಾತ್ಕಾಲಿಕ ಸೀಲನ್ನು ಕಾಯಂ ಮಾಡಲು ಇಲಾಖೆಗೆ ಮನವಿ ಬರೆದು ಎಂಬತ್ತು ಸಹಿ ಹಾಕಿಸಿದರು. ಮೀನುಗಳು ಮಾತ್ರ ಈ ಸುದ್ದಿ ತಿಳಿಯದೆ ಮೊದಲಿನಂತೆಯೇ ಸಾಯುತ್ತಿದ್ದವು. ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಸೈಂಟಿಸ್ಟಿಗೆ ಸನ್ಮಾನವೆಂದು ತೀರ್ಮಾನವಾಯಿತು. ಮನವಿಯನ್ನು ಅಲ್ಲೇ ಇನ್ಸ್‌ಪೆಕ್ಟರಿಗೆ ಕೊಡುವುದೆಂದೂ ಗೊತ್ತಾಯಿತು.

ಶನಿವಾರ ಅವನು ಕೆರೆ ಸುತ್ತಿಕೊಂಡು ಭಾವನ ಬಳಿಗೆ ಹೋದ. ಭಾವ ಸ್ಟೂಲಿನಿಂದ ಏಳದೆ, "ಮೆಷಿನ್ನು ಮಾರಿಬಿಡೋಣ ಅಂತಿದ್ದೀನಿ ಕಣಪ್ಪಾ. ನೀನು ವಿಷಯ ತಿಳಿದೋನು. ನೀನೇ ಹೇಳಿದ್ಮೇಲೆ ನನ್ನ ನೀರೇ ಕೆಟ್ಟದ್ದಿರಬೇಕು" ಎಂದರು. ಅವರು ಅವನನ್ನು ವಿಷಯ ತಿಳಿದವನು ಎಂದು ಒಪ್ಪಿದ್ದು ಜನ್ಮದಲ್ಲಿ ಅದೇ ಮೊದಲು. ಅವನಿಗೆ ಅಳು ಬಂತು. ಅಲ್ಲಿಂದ ಸೀದಾ ಮೇಡಂ ಮನೆಗೆ ಹೋದ.

ಭಾನುವಾರ ಭವನ ತುಂಬಿತ್ತು. ಅಧ್ಯಕ್ಷರು ಸೂಟಿನ ಕೋಟಿಗೆ ಪೈಜಾಮ ತೊಟ್ಟು ವೇದಿಕೆಯಲ್ಲಿದ್ದರು. ಮುಂದಿನ ಸಾಲಿನಲ್ಲಿ ಅರಗಿನ ಡಬ್ಬಿ ಸಮೇತ ಇನ್ಸ್‌ಪೆಕ್ಟರು, ಅವರ ಪಕ್ಕ ಮೇಡಂ. ಬಾಗಿಲ ಹತ್ತಿರ ಭಾವ ಒಬ್ಬರೇ ನಿಂತಿದ್ದರು. ಸೈಂಟಿಸ್ಟಿಗೆ ಶಾಲು ಹೊದಿಸಿ ಮೈಕು ಕೊಟ್ಟರು.

"ನಾನು ಸೈಂಟಿಸ್ಟ್ ಅಲ್ಲ" ಎಂದ ಅವನು. "ಬಾಟ್ಲಿ ತೊಳೆಯೋನು. ಅದನ್ನೂ ನೆಟ್ಟಗೆ ತೊಳೀಲಿಲ್ಲ."

ಭವನ ಚಪ್ಪಾಳೆಯಿಂದ ಗುಡುಗಿತು. ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ಏನು ವಿನಯ, ಏನು ವಿನಯ! ತುಂಬಿದ ಮನುಷ್ಯರೇ ಹೀಗೆ!" ಎಂದರು.

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೂಗಬೇಕಾಯಿತು. ಸೋಪಿನ ಪುಡಿ, ಮೂರು ಚಮಚ, ಹಗಲೆಲ್ಲ ನೆನೆಸಿದ್ದು, ಎಲ್ಲವನ್ನೂ ಹೇಳಿದ. "ಭಾವನ ತಪ್ಪಿಲ್ಲ. ತಪ್ಪು ನನ್ನದು. ಅಂಗಡಿ ತೆರೆದುಕೊಡಿ" ಎಂದ. ಚಪ್ಪಾಳೆ ಅಲ್ಲಲ್ಲೇ ನಿಂತಿತು. ಹಿಂದಿನ ಸಾಲಿನಿಂದ ಯಾರೋ, "ಓ! ಹೆಂಡತಿ ಅಣ್ಣ ಅಲ್ವಾ!" ಎಂದರು. "ಮನೆಯಲ್ಲಿ ಒತ್ತಡ ಇರುತ್ತೆ, ಪಾಪ" ಎಂದು ಇನ್ನೊಬ್ಬರು ದನಿಗೂಡಿಸಿದರು. ಸತ್ಯ ಹೇಳಿದರೆ ಇಷ್ಟು ಬೇಗ ಸುಳ್ಳುಗಾರನಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ಮೇಡಂ ಎದ್ದರು. ಮಾತು ಬೇಡ, ಎಲ್ಲರ ಎದುರಿಗೇ ನೋಡಿಬಿಡೋಣ ಎಂದರು. ಮೇಜಿನ ಮೇಲೆ ಮೂರು ಬಾಟಲಿ ಇಟ್ಟರು. ಒಂದರಲ್ಲಿ ಬಟ್ಟಿ ಇಳಿಸಿದ ನೀರು ತುಂಬಿದರು. ಇನ್ಸ್‌ಪೆಕ್ಟರು ಒಲ್ಲದ ಮನಸ್ಸಿನಿಂದ ತಮ್ಮ ಸೀಲನ್ನು ತಾವೇ ಒಡೆದು, ಲಾಂಡ್ರಿಯ ತೊಟ್ಟಿಯಲ್ಲಿ ನಿಂತಿದ್ದ ಹಳೆಯ ನೀರನ್ನು ಎರಡನೆಯದರಲ್ಲಿ ತಂದರು. ಮೂರನೆಯ ನೀರು ಎಲ್ಲಿಂದ ಎಂದು ಅಧ್ಯಕ್ಷರು ಕೇಳಿದರು.

"ನಿಮ್ಮ ಬಡಾವಣೆಯ ಪೈಪು ಕೆರೆಗೆ ಬೀಳುತ್ತಲ್ಲ, ಅಲ್ಲಿಂದ" ಎಂದರು ಮೇಡಂ.

"ನಮ್ಮ ಪೈಪಾ? ನಮ್ಮದು ಬರೀ ಮನೆ ನೀರು ಕಣಮ್ಮಾ. ಬಚ್ಚಲದ್ದು, ಪಾತ್ರೆ ತೊಳೆದದ್ದು, ನಮ್ಮ ಹುಲ್ಲುಹಾಸಿಗೆ ಗೊಬ್ಬರ ಹಾಕಿ ಬಿಟ್ಟದ್ದು. ಸಂಸಾರಸ್ಥರ ನೀರು!"

ಮೇಡಂ ಮೂರಕ್ಕೂ ಔಷಧಿಯ ಹನಿ ಬಿಟ್ಟರು. ಎಲ್ಲರೂ ಕತ್ತು ಚಾಚಿ ಹತ್ತು ನಿಮಿಷ ಕಾದರು. ಮೊದಲ ಬಾಟಲಿ ತಿಳಿಯಾಗಿಯೇ ಉಳಿಯಿತು. ಲಾಂಡ್ರಿಯದು ದಿಟ್ಟಿಸಿ ನೋಡಿದರೆ ಒಂದಿಷ್ಟು ನೀಲಿ. ಸಂಸಾರಸ್ಥರ ನೀರು ಮಾತ್ರ ನೋಡನೋಡುತ್ತ ನೀಲಿಯಾಗಿ, ಕಡುನೀಲಿಯಾಗಿ, ಆಚೆಯ ಬೆಳಕೇ ಕಾಣದಷ್ಟು ಕಪ್ಪಾಯಿತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ನಲವತ್ತು ವರ್ಷ ಸಭೆ ನಡೆಸಿದವರು ಅಷ್ಟಕ್ಕೆಲ್ಲ ಸೋಲುವವರಲ್ಲ. "ಒಂದು ಪ್ರಶ್ನೆ. ಈ ಮೂರು ಬಾಟಲಿ ತೊಳೆದೋರು ಯಾರು?"

"ನಾನೇ ಸಾರ್" ಎಂದ ಅವನು.

"ಮುಗೀತಲ್ಲ! ಬಾಟ್ಲಿ ನೆಟ್ಟಗೆ ತೊಳೆಯೋಕೆ ಬರಲ್ಲ ಅಂತ ಈಗ ತಾನೇ ಇದೇ ಮೈಕಲ್ಲಿ ಒಪ್ಪಿಕೊಂಡಿದ್ದಾನೆ. ಇವನು ತೊಳೆದ ಬಾಟ್ಲಿ ನಂಬಿ ಎಂಬತ್ನಾಲ್ಕು ಮರ್ಯಾದಸ್ಥರ ಮೇಲೆ ತಪ್ಪು ಹೊರಿಸೋದಾ?"

ಹೌದು ಹೌದು ಎಂದು ಸಭೆ ಉಸಿರು ಬಿಟ್ಟಿತು. ಮೊದಲ ಬಾಟಲಿ ತಿಳಿಯಾಗಿದೆಯೆಂದರೆ ಬಾಟಲಿಗಳು ಚೊಕ್ಕವಾಗಿವೆ ಎಂದೇ ಅರ್ಥ ಎಂದು ಮೇಡಂ ಹೇಳುತ್ತಿದ್ದರು, ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಅವನು ಶಾಲು ತೆಗೆದು ಮಡಚತೊಡಗಿದ.

ಆಗ ಬಾಗಿಲ ಬಳಿಯಿಂದ ಭಾವ ನಡೆದು ಬಂದು ಮೇಜಿನ ಮುಂದೆ ನಿಂತರು. ದನಿ ಏರಿಸಲಿಲ್ಲ.

"ನನ್ನ ಅಂಗಡಿ ಮುಚ್ಚಿಸಿದಿರಲ್ಲ, ಆವಾಗ್ಲೂ ಇದೇ ಕೈ ತೊಳೆದ ಬಾಟ್ಲಿನೇ ನಂಬಿದ್ರಿ. ಯಾರು ತೊಳೆದ್ರು ಅಂತ ಅವತ್ತು ಒಬ್ಬರೂ ಕೇಳ್ಲಿಲ್ಲ."

ಅಧ್ಯಕ್ಷರು ಕೂತರು. ಇನ್ಸ್‌ಪೆಕ್ಟರು ಎದ್ದು, ಲಾಂಡ್ರಿಯ ಸೀಲನ್ನು ಇವತ್ತೇ ತೆಗೆಯುವುದಾಗಿ ಸಾರಿದರು. ಆದರೆ ತಂದ ಅರಗನ್ನು ಹಾಗೇ ವಾಪಸು ಒಯ್ಯಲು ಅವರಿಗೆ ಮನಸ್ಸಾಗಲಿಲ್ಲ. "ನಾಳೆ ಬೆಳಿಗ್ಗೆ ಮನೆ ಮನೆಗೂ ಬರ್ತೀನಿ. ಯಾರ ಮನೆಯಲ್ಲಿ ಈ ಸೋಪಿನ ಪುಡಿ, ಹುಲ್ಲಿನ ಗೊಬ್ಬರ ಸಿಗುತ್ತೋ ಅವರ ಬಚ್ಚಲಿಗೇ ಸೀಲು" ಎಂದು ಹೇಳಿ ಹೊರಟರು.

ಭವನ ಖಾಲಿಯಾಯಿತು. ಭಾವ ಸೈಂಟಿಸ್ಟಿನ ಭುಜದ ಮೇಲೆ ಕೈಹಾಕಿ ಅಂಗಡಿಗೆ ಕರೆದುಕೊಂಡು ಹೋದರು. ಬೀಗ ತೆಗೆದರು. ಇಬ್ಬರೂ ಸೇರಿ ಎರಡು ವಾರದ ಬಟ್ಟೆಗಳನ್ನು ಬಿಸಿಲಿಗೆ ಹರವಿದರು. ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಸೈಂಟಿಸ್ಟಿನ ಪಟ್ಟ ಹೋದರೆ ಹೋಗಲಿ, ಕೆರೆ ಉಳಿಯುತ್ತದಲ್ಲ ಎಂದು ಸಮಾಧಾನಪಟ್ಟ.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿಯಲ್ಲಿ ನಿಂಬೆಯ ವಾಸನೆ ಬಂತು. ಇಬ್ಬರೂ ದಡಕ್ಕೆ ಹೋಗಿ ನೋಡಿದರು. ಎದುರಿಗೆ ಬಡಾವಣೆಯ ಪೈಪಿನ ಬಾಯಿಂದ ನೊರೆ ಬರುತ್ತಿತ್ತು. ಎಂದಿನ ತೆಳು ನೊರೆಯಲ್ಲ, ಹತ್ತಿಯ ಮೂಟೆ ಒಡೆದಂತೆ ಆಳೆತ್ತರದ ಬಿಳಿ ನೊರೆ, ಹಸಿರು ನೀರಿನ ಮೇಲೆ ಉರುಳುತ್ತ ಉರುಳುತ್ತ ಕೆರೆಯ ನಡುವಿಗೆ ನಡೆಯುತ್ತಿತ್ತು. ಜೊತೆಗೆ ಕಂದು ಬಣ್ಣದ ನೀರು, ಅದರಲ್ಲಿ ಗೊಬ್ಬರದ ಕಾಳು. ಮಿಕ್ಕಿದ್ದ ಮೀನು ಎಷ್ಟಿತ್ತೋ ಎಲ್ಲ ಆ ಅಂಚಿನಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು.

ಅವನು ಮನೆಗೆ ಓಡಿದ. ದಾರಿಯುದ್ದಕ್ಕೂ ಮನೆಗಳ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು. ಅವನ ಮನೆ ಬಾಗಿಲಲ್ಲಿ ಹೆಂಡತಿ ಒದ್ದೆ ಕೈಯಲ್ಲಿ ಖಾಲಿ ಪೊಟ್ಟಣ ಹಿಡಿದು ನಿಂತಿದ್ದಳು. ಮುಖ ಅರಳಿತ್ತು. ಎರಡು ವಾರದ ಮೇಲೆ ಅವಳು ಗೋಡೆಯನ್ನು ಬಿಟ್ಟು ಅವನನ್ನು ನೋಡಿ ಮಾತಾಡಿದಳು.

"ನಾಳೆ ಚಿಂತೆ ನಿಮಗೆ ಬೇಡ. ಎಲ್ರಿಗಿಂತ ಮೊದ್ಲು ನಾನೇ ಬಚ್ಚಲಿಗೆ ಸುರಿದು, ಹತ್ತು ಬಿಂದಿಗೆ ನೀರು ಹುಯ್ದೆ. ಆಮೇಲೆ ಎಂಬತ್ಮೂರು ಮನೆಗೂ ನಾನೇ ಹೋಗಿ ಹೇಳಿದೆ, ಒಂದು ಕಾಳೂ ಉಳಿಸಬೇಡಿ, ಎಲ್ಲ ಚೆಲ್ಲಿಬಿಡಿ ಅಂತ. ಯಾರಾದ್ರೂ ಎದುರು ಮಾತಾಡಿದ್ರೆ ಕೇಳಿ! ಅಧ್ಯಕ್ಷರಂತೂ ಎರಡು ಮೂಟೆ ಗೊಬ್ಬರ ತಾವೇ ಹೊತ್ತು ತಂದು ಸುರಿದ್ರು. 'ನಿಮ್ಮ ಯಜಮಾನರು ಸೈಂಟಿಸ್ಟ್ ಅಲ್ಲದಿದ್ರೇನಮ್ಮಾ, ಸೋಪಿನ ವಿಷಯ ಅವರಷ್ಟು ತಿಳಿದೋರು ಇನ್ಯಾರಿದ್ದಾರೆ, ನಿಮ್ಮ ಮಾತು ನಂಬ್ತೀವಿ' ಅಂದ್ರು."

ಅವಳು ಹೊಗಳಿಕೆಗಾಗಿ ಅವನ ಮುಖ ನೋಡಿದಳು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬಚ್ಚಲಿನಿಂದ ಖಾಲಿ ಬಕೆಟ್ಟು ತೆಗೆದುಕೊಂಡು ಕೆರೆಗೆ ಹೊರಟ.

ಪೈಪಿನ ಹತ್ತಿರ ಭಾವ ಆಗಲೇ ಪ್ಯಾಂಟು ಮಡಚಿ ಸೊಂಟದವರೆಗೆ ಇಳಿದಿದ್ದರು. ಬದುಕಿದ್ದ ಮೀನುಗಳನ್ನು ಬೊಗಸೆಯಲ್ಲಿ ಹಿಡಿದು ಲಾಂಡ್ರಿಯ ತೊಟ್ಟಿಗೆ ಒಯ್ಯಲು ನೋಡುತ್ತಿದ್ದರು. ಅರ್ಧಕ್ಕರ್ಧ ಮೀನು ಕೈಯಿಂದ ಜಾರಿ ನೊರೆಯಲ್ಲೇ ಬೀಳುತ್ತಿದ್ದವು. ಅವನು ಬಕೆಟ್ಟು ಹಿಡಿದು ಇಳಿದ. ಭಾವ ಅದರೊಳಗೆ ಒಂದು ಮೀನು ಬಿಟ್ಟು, "ಎಷ್ಟು ಸಾಧ್ಯವೋ ಅಷ್ಟು" ಎಂದರು.